ವೀಸಾಕ್ಕೆ ಸಾಕಾಗುವ ವಿಮೆ, ಆಸ್ಪತ್ರೆಗೆ ಸಾಕಾಗುವ ವಿಮೆ: ಕಲಬುರಗಿಯಲ್ಲಿ ಕೊಂಡ ಒಂದು ಪಾಲಿಸಿಯ ವಿಮರ್ಶೆ

ಕಲಬುರಗಿಯ ಸ್ಟೇಷನ್ ರಸ್ತೆಯಲ್ಲಿ ವಿಮಾನದ ಟಿಕೆಟ್, ಪಾಸ್‌ಪೋರ್ಟ್ ಅರ್ಜಿ, ಉಮ್ರಾ ಪ್ಯಾಕೇಜು, ವೀಸಾ ಕಾಗದಪತ್ರ ಎಲ್ಲವನ್ನೂ ಒಂದೇ ಸೂರಿನಡಿ ಮಾಡಿಕೊಡುವ ಟ್ರಾವೆಲ್ ಏಜೆನ್ಸಿಯೊಂದರಲ್ಲಿ ನಾನು ಮತ್ತು ನನ್ನ ಪತ್ನಿ ಜರ್ಮನಿ ಪ್ರವಾಸಕ್ಕಾಗಿ ವಿಮೆ ಮಾಡಿಸಿದೆವು. ಮಗಳು ಅಲ್ಲಿ ಉದ್ಯೋಗದಲ್ಲಿದ್ದಾಳೆ. ಏಜೆನ್ಸಿಯವರ ಸೇವೆ ಹೇಗಿತ್ತು, ಅವರು ಮಾರಿದ ಪಾಲಿಸಿ ಯಾವುದಕ್ಕೆ ಹಣ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ, ಕ್ಲೇಮ್ ಹಾಕಿದಾಗ ನಡೆದದ್ದೇನು ಎಂಬುದೇ ಈ ಬರಹದ ವಿಷಯ. ಏಜೆನ್ಸಿಯ ಹೆಸರನ್ನಾಗಲಿ ವಿಮಾ ಕಂಪನಿಯ ಹೆಸರನ್ನಾಗಲಿ ಬರೆಯುತ್ತಿಲ್ಲ. ಇಲ್ಲಿನ ಮಾತುಗಳಲ್ಲಿ ಹೆಚ್ಚಿನವು ಯಾವ ಕಂಪನಿಯ ಪಾಲಿಸಿಗಾದರೂ ಹೊಂದುವಂಥವು, ಮತ್ತು ಊರಿನಲ್ಲಿ ಇಂಥ ಅಂಗಡಿಗಳು ಬೇಕಾದಷ್ಟಿವೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಅಂಗಡಿಯ ಮಾಲೀಕರು ವೀಸಾ ಕಾಗದಗಳ ವಿಷಯದಲ್ಲಿ ನುರಿತವರು. ಬೆಂಗಳೂರಿನ ವೀಸಾ ಅರ್ಜಿ ಕೇಂದ್ರಕ್ಕೆ ಹೋಗುವ ಮುನ್ನ ಯಾವ ಕಾಗದ ಯಾವುದರ ಕೆಳಗಿರಬೇಕು, ಬ್ಯಾಂಕ್ ಸ್ಟೇಟ್‌ಮೆಂಟಿನ ಮೇಲೆ ಸೀಲು ಎಲ್ಲಿ ಬೀಳಬೇಕು, ಮಗಳಿಂದ ತರಿಸಿಕೊಳ್ಳಬೇಕಾದ ಆಹ್ವಾನದ ದಾಖಲೆ ಯಾವುದು ಎಂಬುದನ್ನೆಲ್ಲ ಅವರು ಬೇಸರವಿಲ್ಲದೆ ಹೇಳಿದರು. ಬೆಂಗಳೂರಿಗೆ ಹೋದ ಮೇಲೆ ಒಂದು ಕಾಗದ ಕಡಿಮೆ ಬಿತ್ತೆಂದರೆ ರಾತ್ರಿಯ ರೈಲಿನಲ್ಲಿ ಹಿಂದಿರುಗಿ ಮತ್ತೆ ಹೋಗಬೇಕಾದ ನಮ್ಮ ಭಾಗದವರಿಗೆ ಈ ಜಾಣತನ ಸಣ್ಣದಲ್ಲ. ಆದರೆ ವಿಮೆಯನ್ನೂ ಅವರು ಆ ಕಡತದ ಮತ್ತೊಂದು ಕಾಗದವೆಂದೇ ನೋಡುತ್ತಾರೆ, ನನ್ನ ತಕರಾರು ಇರುವುದು ಅಲ್ಲಿ. ಫೋಟೊ ಇದೆಯೇ, ಟಿಕೆಟ್ ಇದೆಯೇ, ವಿಮೆ ಇದೆಯೇ ಎಂದು ಟಿಕ್ ಹಾಕುತ್ತ ಹೋಗುವಾಗ ವಿಮೆಯ ಒಳಗೆ ಏನಿದೆ ಎಂಬ ಪ್ರಶ್ನೆ ಏಳುವುದೇ ಇಲ್ಲ. ‘ಎಲ್ಲಾ ಕವರ್ ಆಗ್ತದ್ರಿ ಸರ್, ಚಿಂತಿ ಮಾಡಬ್ಯಾಡ್ರಿ’ ಎಂಬ ಒಂದೇ ಉತ್ತರ ಎಲ್ಲ ಪ್ರಶ್ನೆಗಳಿಗೂ ಸಿದ್ಧವಾಗಿತ್ತು.

ಜರ್ಮನಿ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾಕ್ಕೆ ವಿಮೆ ಕಡ್ಡಾಯ. 2009ರ ಐರೋಪ್ಯ ವೀಸಾ ಸಂಹಿತೆಯ ಪ್ರಕಾರ ಪಾಲಿಸಿಯ ವೈದ್ಯಕೀಯ ರಕ್ಷಣೆ ಕನಿಷ್ಠ 30,000 ಯೂರೊ ಇರಬೇಕು, ಅದು ಷೆಂಗೆನ್ ವಲಯದ ಎಲ್ಲ ದೇಶಗಳಲ್ಲಿ ನಡೆಯಬೇಕು, ತುರ್ತು ಚಿಕಿತ್ಸೆಯ ಜೊತೆಗೆ ರೋಗಿಯನ್ನು ಸ್ವದೇಶಕ್ಕೆ ಕರೆತರುವ ವೆಚ್ಚವನ್ನೂ, ಸಾವು ಸಂಭವಿಸಿದರೆ ಪಾರ್ಥಿವ ಶರೀರವನ್ನು ತರುವ ವೆಚ್ಚವನ್ನೂ ಒಳಗೊಂಡಿರಬೇಕು. ಮೊತ್ತ ಯೂರೊಗಳಲ್ಲಿದೆ ಎಂಬುದನ್ನು ಗಮನಿಸಬೇಕು. ನಮ್ಮ ದೇಶದ ಹೆಚ್ಚಿನ ಪಾಲಿಸಿಗಳು ಡಾಲರಿನಲ್ಲಿರುತ್ತವೆ, ಇಂದಿನ ದರದಲ್ಲಿ 30,000 ಡಾಲರ್ ಎಂದರೆ 30,000 ಯೂರೊಗಿಂತ ಕಡಿಮೆ. ಏಜೆನ್ಸಿಯವರು ಈ ಲೆಕ್ಕದಲ್ಲಿ ಪಕ್ಕಾ ಇದ್ದರು, 50,000 ಡಾಲರಿನ ಯೋಜನೆಯನ್ನೇ ತೋರಿಸಿದರು. ಆದರೆ ವೀಸಾ ಅಧಿಕಾರಿ ನೋಡುವುದು ಒಟ್ಟು ಮೊತ್ತ, ದೇಶಗಳ ಹೆಸರು ಮತ್ತು ದಿನಾಂಕಗಳನ್ನು ಮಾತ್ರ. ಆ 50,000 ಡಾಲರಿನಲ್ಲಿ ನಮ್ಮ ವಯಸ್ಸಿನವರಿಗೆ, ನಮ್ಮ ಕಾಯಿಲೆಗಳಿಗೆ ನಿಜವಾಗಿ ಎಷ್ಟು ಸಿಗುತ್ತದೆ ಎಂಬುದು ಅವರಿಗೆ ಸಂಬಂಧಿಸಿದ ವಿಷಯವಲ್ಲ. ಅದು ನಮಗೆ ಮಾತ್ರ ಸಂಬಂಧಿಸಿದ್ದು, ಮತ್ತು ಅದಕ್ಕೆ ಉತ್ತರವಿರುವುದು ವೀಸಾಕ್ಕೆ ಲಗತ್ತಿಸುವ ಒಂದು ಪುಟದ ಪ್ರಮಾಣಪತ್ರದಲ್ಲಿ ಅಲ್ಲ, ಕಂಪನಿಯ ಜಾಲತಾಣದಲ್ಲಿ ಮೂಲೆಯಲ್ಲಿರುವ ಷರತ್ತುಗಳ ದೀರ್ಘ ದಾಖಲೆಯಲ್ಲಿ.

ಆ ದಾಖಲೆಯನ್ನು ಕೇಳಿದಾಗ ಕೌಂಟರಿನ ಹುಡುಗನಿಗೆ ಆಶ್ಚರ್ಯವಾಯಿತು. ಅದನ್ನು ಯಾರೂ ಕೇಳುವುದಿಲ್ಲವೆಂದು ಹೇಳುತ್ತಲೇ, ಹುಡುಕಿ ವಾಟ್ಸಾಪಿಗೆ ಕಳಿಸಿದ. ಅದಕ್ಕಾಗಿ ಅವನಿಗೆ ಅಂಕ ಕೊಡಲೇಬೇಕು. ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರವು (ಅದರ ಪ್ರಧಾನ ಕಚೇರಿ ಬೇರೆಲ್ಲೂ ಅಲ್ಲ, ನಮಗೆ ಬೆಂಗಳೂರಿಗಿಂತ ಹತ್ತಿರವಾದ ಹೈದರಾಬಾದಿನಲ್ಲಿಯೇ ಇದೆ) ಆರೋಗ್ಯ ವಿಮೆಯ ಪಾಲಿಸಿಗಳೊಂದಿಗೆ ಸರಳ ಭಾಷೆಯ ಗ್ರಾಹಕ ಮಾಹಿತಿ ಪತ್ರವನ್ನು ಕೊಡಬೇಕೆಂದೂ, ಗ್ರಾಹಕರು ಬಯಸಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕೆಂದೂ ಕಂಪನಿಗಳಿಗೆ ಸೂಚಿಸಿದೆ. ಕನ್ನಡದ ಪ್ರತಿ ಬೇಕೆಂದು ಕೇಳಿದೆ. ಕಂಪನಿಗೆ ಬರೆದು ತರಿಸುತ್ತೇವೆಂದರು. ನಾವು ಹೋಗಿಬಂದದ್ದಾಯಿತು, ಪತ್ರ ಇನ್ನೂ ಬಂದಿಲ್ಲ.

ಈಗ ಅರ್ಜಿ ತುಂಬುವ ಪ್ರಸಂಗಕ್ಕೆ ಬರುತ್ತೇನೆ, ಏಕೆಂದರೆ ಇಡೀ ವ್ಯವಹಾರದಲ್ಲಿ ಅಪಾಯವಿದ್ದದ್ದು ಆ ಕೆಲವೇ ಕ್ಷಣಗಳಲ್ಲಿ. ಹುಡುಗ ನಮ್ಮ ಪಾಸ್‌ಪೋರ್ಟುಗಳನ್ನು ಕೀಬೋರ್ಡಿಗೆ ಒರಗಿಸಿಟ್ಟುಕೊಂಡು ಹೆಸರು, ಹುಟ್ಟಿದ ದಿನಾಂಕ, ನಾಮಿನಿ ಎಲ್ಲವನ್ನೂ ಸರಸರನೆ ತುಂಬಿದ. ಮುಂದಿನ ಪರದೆಯಲ್ಲಿ ಕಾಯಿಲೆಗಳ ಪಟ್ಟಿ ಬಂತು: ರಕ್ತದೊತ್ತಡ, ಮಧುಮೇಹ, ಹೃದ್ರೋಗ, ಆಸ್ತಮಾ, ಕ್ಯಾನ್ಸರ್, ಈ ಹಿಂದಿನ ಶಸ್ತ್ರಚಿಕಿತ್ಸೆ. ಪಕ್ಕದಲ್ಲಿ ‘ಹೌದು’, ‘ಇಲ್ಲ’. ಆತ ನಮ್ಮನ್ನು ಏನೂ ಕೇಳದೆ ಮೌಸನ್ನು ಮೇಲಿನಿಂದ ಕೆಳಕ್ಕೆ ಎಳೆಯುತ್ತ ಎಲ್ಲದಕ್ಕೂ ‘ಇಲ್ಲ’ ಒತ್ತುತ್ತಿದ್ದ. ನನ್ನ ಪತ್ನಿಗೆ ಬಹಳ ವರ್ಷಗಳಿಂದ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ ಇದೆ, ಮಾತ್ರೆಗಳ ಡಬ್ಬಿ ಆಕೆಯ ಕೈಚೀಲದಲ್ಲಿಯೇ ಇತ್ತು. ತಡೆದು ಹೇಳಿದಾಗ ಹುಡುಗ ನಕ್ಕು, ‘ಬಿಪಿ, ಶುಗರ್ ಯಾರಿಗಿಲ್ರೀ ಸರ್? ಹೌದು ಅಂತ ಹಾಕಿದ್ರ ಸುಮ್ನ ರೊಕ್ಕ ಜಾಸ್ತಿ ಆಗ್ತದ’ ಎಂದ. ಅವನ ಮಾತಿನಲ್ಲಿ ಕಪಟವಿರಲಿಲ್ಲ, ನಮ್ಮ ಹಣ ಉಳಿಸುವ ಕಾಳಜಿಯೇ ಇತ್ತು. ಆದರೆ ಹಾಗೆ ಉಳಿಯುವ ಹಣ ಎಂಥದ್ದೆಂಬುದನ್ನು ನೋಡಿ: ವಿಮೆ ಎಂಬುದು ಎರಡೂ ಕಡೆಯವರ ಪೂರ್ಣ ಪ್ರಾಮಾಣಿಕತೆಯ ಮೇಲೆ ನಿಂತ ಒಪ್ಪಂದವೆಂದು ಕಾನೂನು ಪರಿಗಣಿಸುತ್ತದೆ, ತಿಳಿದೂ ಮುಚ್ಚಿಟ್ಟ ಸಂಗತಿ ಬೆಳಕಿಗೆ ಬಂದರೆ ಕಂಪನಿ ಕ್ಲೇಮನ್ನು ತಳ್ಳಿಹಾಕಬಹುದು. ಮೌಸ್ ಒತ್ತಿದ್ದು ಏಜೆಂಟನ ಕೈಯಾದರೂ, ‘ಮೇಲಿನ ಮಾಹಿತಿ ಸತ್ಯವೆಂದು ಘೋಷಿಸುತ್ತೇನೆ’ ಎಂಬ ಸಾಲಿನ ಕೆಳಗಿರುವುದು ನಮ್ಮ ಹೆಸರು, ಒಟಿಪಿ ಬರುವುದು ನಮ್ಮ ಮೊಬೈಲಿಗೆ. ವಿದೇಶದ ಆಸ್ಪತ್ರೆಯಲ್ಲಿ ದಾಖಲಾದ ಕ್ಷಣವೇ ವೈದ್ಯರು ಕೇಳುವ ಮೊದಲ ಪ್ರಶ್ನೆ ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂಬುದು, ಆ ಉತ್ತರ ಕೇಸ್ ಶೀಟಿನಲ್ಲಿ ದಾಖಲಾಗುತ್ತದೆ, ಆ ಶೀಟು ನೇರವಾಗಿ ವಿಮಾ ಕಂಪನಿಯ ಮೇಜಿಗೆ ಹೋಗುತ್ತದೆ.

‘ಹೌದು’ ಎಂದು ಒತ್ತಿಸಿದೆವು. ಪ್ರೀಮಿಯಂ ಏರಿತು, ಅಂಥ ದೊಡ್ಡ ಮೊತ್ತವೇನಲ್ಲ.

ಆದರೆ ಕಾಯಿಲೆಯನ್ನು ಘೋಷಿಸಿದ ಮಾತ್ರಕ್ಕೆ ಅದಕ್ಕೆ ರಕ್ಷಣೆ ಸಿಕ್ಕಿತೆಂದು ತಿಳಿಯಬಾರದು. ನಮ್ಮಲ್ಲಿ ಹೆಚ್ಚಿನವರಿಗೆ ಪರಿಚಯವಿರುವುದು ವರ್ಷ ವರ್ಷ ನವೀಕರಿಸುವ ಆರೋಗ್ಯ ವಿಮೆ. ಅದರಲ್ಲಿ ಮೊದಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿ ಇರುತ್ತದೆ. ಈ ಅವಧಿ 36 ತಿಂಗಳನ್ನು ಮೀರಬಾರದೆಂದು 2024ರಲ್ಲಿ ನಿಯಮ ಬಂತು, ಮೊದಲು 48 ತಿಂಗಳಿತ್ತು. ಅಂದರೆ ಕಾದರೆ ಒಂದು ದಿನ ರಕ್ಷಣೆ ಸಿಗುತ್ತದೆ. ಪ್ರವಾಸ ವಿಮೆಯಲ್ಲಿ ಕಾಯುವುದಕ್ಕೆ ಕಾಲವೇ ಇಲ್ಲ, ಪಾಲಿಸಿಯ ಆಯುಷ್ಯವೇ ಕೆಲವು ವಾರ. ಹೀಗಾಗಿ ಅಗ್ಗದ ಯೋಜನೆಗಳು ಮೊದಲೇ ಇರುವ ಕಾಯಿಲೆಯನ್ನೂ ಅದರಿಂದ ಹುಟ್ಟುವ ತೊಡಕುಗಳನ್ನೂ ಸಾರಾಸಗಟಾಗಿ ಹೊರಗಿಡುತ್ತವೆ. ಸ್ವಲ್ಪ ಉತ್ತಮ ಯೋಜನೆಗಳು ಜೀವಾಪಾಯದ ತುರ್ತು ಸ್ಥಿತಿಯಲ್ಲಿ ಮಾತ್ರ, ರೋಗಿಯ ಸ್ಥಿತಿ ಸ್ಥಿರವಾಗುವ ತನಕ ಮಾತ್ರ, ಅದೂ ಒಂದು ನಿಗದಿತ ಮಿತಿಯೊಳಗೆ ಹಣ ಕೊಡುತ್ತವೆ. ನಾವು ಆರಿಸಿದ್ದು ಈ ಎರಡನೆಯ ಬಗೆಯದು. ರಕ್ತದೊತ್ತಡವಿರುವವರಿಗೆ ಪಾರ್ಶ್ವವಾಯು ಹೊಡೆದರೆ ಮೊದಲ ಬಗೆಯ ಪಾಲಿಸಿ, ‘ಇದು ಹಳೆಯ ಕಾಯಿಲೆಯ ಫಲ’ ಎಂದು ಕೈಚೆಲ್ಲಬಹುದು. ಎರಡನೆಯದು ಜೀವ ಉಳಿಸುವಷ್ಟು ಚಿಕಿತ್ಸೆಗೆ ಹಣ ಕೊಟ್ಟು, ಆನಂತರದ ಫಿಸಿಯೊಥೆರಪಿ ಮೊದಲಾದವನ್ನು ಊರಿಗೆ ಹೋಗಿ ಮಾಡಿಸಿಕೊಳ್ಳಿ ಎನ್ನುತ್ತದೆ. ಎರಡರ ಪ್ರಮಾಣಪತ್ರದಲ್ಲೂ 50,000 ಡಾಲರ್ ಎಂದೇ ಬರೆದಿರುತ್ತದೆ, ವೀಸಾ ಕಚೇರಿಗೆ ಎರಡೂ ಒಂದೇ.

ಇನ್ನೊಂದು ಮರೆಯ ಬಾಗಿಲು ಉಪಮಿತಿಗಳದ್ದು. 60 ದಾಟಿದವರಿಗೆ, 70 ದಾಟಿದವರಿಗೆ ಅನೇಕ ಪಾಲಿಸಿಗಳಲ್ಲಿ ಪ್ರತ್ಯೇಕ ಕೋಷ್ಟಕವೊಂದು ಇರುತ್ತದೆ: ಕೊಠಡಿ ಬಾಡಿಗೆಗೆ ದಿನಕ್ಕಿಷ್ಟು, ಐಸಿಯುಗೆ ಇಷ್ಟು, ಶಸ್ತ್ರಚಿಕಿತ್ಸೆಗೆ ಇಷ್ಟು, ಅರಿವಳಿಕೆ ತಜ್ಞರಿಗೆ ಇಷ್ಟು. ಒಟ್ಟು ಮೊತ್ತ ಎಷ್ಟೇ ದೊಡ್ಡದಿರಲಿ, ಪ್ರತಿ ಬಾಬ್ತಿಗೂ ಅದರದೇ ಗೆರೆ. ಆ ಗೆರೆ ದಾಟಿದ ಹಣ ಮಕ್ಕಳ ಜೇಬಿನಿಂದ ಹೋಗಬೇಕು. ಉಪಮಿತಿಯಿಲ್ಲದ ಯೋಜನೆಗಳೂ ಇವೆ, ಅವು ದುಬಾರಿ. ಏಜೆನ್ಸಿ ತೋರಿಸಿದ ಮೂರು ಯೋಜನೆಗಳಲ್ಲಿ ಅತಿ ಅಗ್ಗದ್ದಕ್ಕೆ ಈ ಕೋಷ್ಟಕವಿತ್ತು, ಮತ್ತು ಅವರ ಪರದೆಯಲ್ಲಿ ಮೊದಲು ಕಾಣುತ್ತಿದ್ದದ್ದೂ, ಬಂದವರಿಗೆ ಹೆಚ್ಚು ಮಾರಾಟವಾಗುವುದೂ ಅದೇ. ಬೆಲೆಯ ಪ್ರಕಾರ ಯೋಜನೆಗಳನ್ನು ಜೋಡಿಸಿ ತೋರಿಸುವ ಪದ್ಧತಿಯ ಬಗ್ಗೆ ನನಗೆ ಸಿಟ್ಟಿದೆ. ತೊಗರಿಯನ್ನೂ ನಾವು ಬರೀ ಬೆಲೆ ಕೇಳಿ ಕೊಳ್ಳುವುದಿಲ್ಲ, ಅಂಗೈಗೆ ಹಾಕಿಕೊಂಡು ಉಜ್ಜಿ ನೋಡುತ್ತೇವೆ.

ಅಮೆರಿಕ ಮತ್ತು ಕೆನಡಾಕ್ಕೆ ಹೋಗುವವರ ಲೆಕ್ಕ ಬೇರೆ. ಕಂಪನಿಗಳು ‘ಅಮೆರಿಕ, ಕೆನಡಾ ಸೇರಿ’ ಮತ್ತು ‘ಅವೆರಡನ್ನು ಬಿಟ್ಟು’ ಎಂದು ಎರಡು ದರಪಟ್ಟಿ ಇಡುವುದೇ ಅಲ್ಲಿನ ಆಸ್ಪತ್ರೆಗಳ ಬಿಲ್ಲಿನ ಕಾರಣಕ್ಕೆ. ನಮ್ಮ ನೆರೆಹೊರೆಯಲ್ಲಿ ಮಕ್ಕಳು ಅಮೆರಿಕದಲ್ಲಿರುವ ದಂಪತಿಗಳು ಎಷ್ಟೋ ಜನ. ಅಮೆರಿಕದ ಪ್ರವಾಸಿ ವೀಸಾಕ್ಕೆ ವಿಮೆ ಕಡ್ಡಾಯವಲ್ಲವಾದ್ದರಿಂದ ಕೆಲವರು ಅದನ್ನು ಮಾಡಿಸುವುದೇ ಇಲ್ಲ. ಮಾಡಿಸಿದವರಲ್ಲಿ ಕೆಲವರು ಅಲ್ಲಿನ ಕಂಪನಿಯ ‘ಫಿಕ್ಸೆಡ್ ಬೆನಿಫಿಟ್’ ಯೋಜನೆ ಕೊಂಡಿರುತ್ತಾರೆ. ಅದರಲ್ಲಿ ಒಂದೊಂದು ಸೇವೆಗೆ ಕಂಪನಿ ಕೊಡುವ ಹಣ ಮೊದಲೇ ನಿಗದಿ, ಬಿಲ್ಲು ಅದರ ಹತ್ತು ಪಟ್ಟಾದರೂ ಕೊಡುವುದು ಅಷ್ಟೇ. ಅಂಥವರು ನಿಗದಿತ ಹಣದ ಬದಲು ಬಿಲ್ಲನ್ನು ಆಧರಿಸಿ ಕೊಡುವ ‘ಕಾಂಪ್ರಿಹೆನ್ಸಿವ್’ ಎಂಬ ಬಗೆಯನ್ನು ಕೇಳಿ, ಕಂಪನಿಯೊಂದಿಗೆ ಒಪ್ಪಂದವಿರುವ ನೆಟ್‌ವರ್ಕ್ ಆಸ್ಪತ್ರೆಗಳು ಮಕ್ಕಳ ಊರಿನಲ್ಲಿ ಇವೆಯೇ ಎಂದು ನೋಡಿ ಕೊಳ್ಳುವುದು ಒಳಿತು.

ಅದೇ ಅಂಗಡಿಯಲ್ಲಿ ಕುಳಿತಿದ್ದಾಗ ಗಮನಿಸಿದ ಸಂಗತಿ: ಅಲ್ಲಿಗೆ ಬರುವವರಲ್ಲಿ ನಮ್ಮಂಥ ಪ್ರವಾಸಿಗರು ಕಡಿಮೆ. ಚಿತ್ತಾಪುರ, ಆಳಂದ, ಹುಮನಾಬಾದ್ ಕಡೆಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೊರಟ ಹುಡುಗರು ಮತ್ತು ಉಮ್ರಾ ಯಾತ್ರಿಕರೇ ಹೆಚ್ಚು. ಉಮ್ರಾ ವೀಸಾದ ಶುಲ್ಕದಲ್ಲಿ ಸೌದಿ ಕಡೆಯ ವೈದ್ಯಕೀಯ ವಿಮೆ ಸೇರಿಯೇ ಇರುತ್ತದೆ, ಅದು ಆ ದೇಶದೊಳಗಿನ ತುರ್ತಿಗೆ ಮಾತ್ರ. ಎಮಿಗ್ರೇಷನ್ ಕ್ಲಿಯರೆನ್ಸ್ (ಕೆಲಸಕ್ಕಾಗಿ ದೇಶ ಬಿಡಲು ಸರ್ಕಾರದ ಅನುಮತಿ) ಬೇಕಾದ, ಅಂದರೆ ಇಸಿಆರ್ ಮುದ್ರೆಯ ಪಾಸ್‌ಪೋರ್ಟಿನಲ್ಲಿ ಕೆಲಸಕ್ಕೆ ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ: ಅಪಘಾತದ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ, ಎರಡು ವರ್ಷಕ್ಕೆ ಮೂಲ ಪ್ರೀಮಿಯಂ 275 ರೂಪಾಯಿ, ಮೂರು ವರ್ಷಕ್ಕೆ 375. ಇಷ್ಟು ಅಗ್ಗದ, ಇಷ್ಟು ಬೇಕಾದ ವಿಮೆ ಬೇರೊಂದಿಲ್ಲ. ಕೆಲಸಕ್ಕೆಂದು ವಿಸಿಟ್ ವೀಸಾದಲ್ಲಿ ಕಳಿಸುವ ದಲ್ಲಾಳಿಗಳು ತಪ್ಪಿಸುವುದು ಮೊದಲು ಇದನ್ನೇ. ಹುಡುಗನ ಮನೆಯವರು ಪಾಲಿಸಿಯ ಪ್ರತಿಯೊಂದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು. ಕ್ಲೇಮ್ ಹಾಕಬೇಕಾದವರು ಅವರು.

ವೈದ್ಯಕೀಯ ಭಾಗದ ಹೊರತಾಗಿ ಪಾಲಿಸಿಯಲ್ಲಿ ಬರುವುದು ಸಾಮಾನು, ವಿಮಾನ ವಿಳಂಬ, ಸಂಪರ್ಕ ವಿಮಾನ ತಪ್ಪುವುದು, ಪಾಸ್‌ಪೋರ್ಟ್ ಕಳೆಯುವುದು, ಪ್ರವಾಸ ರದ್ದಾಗುವುದು ಇತ್ಯಾದಿ. ಇವುಗಳಲ್ಲಿ ಕಲಬುರಗಿಯವರು ಎರಡು ಬಾರಿ ಓದಬೇಕಾದದ್ದು ಸಂಪರ್ಕ ವಿಮಾನದ ಷರತ್ತು. ನಾವು ಅಂತರರಾಷ್ಟ್ರೀಯ ವಿಮಾನ ಹಿಡಿಯುವುದು ಹೈದರಾಬಾದಿನ ಶಂಷಾಬಾದ್ ನಿಲ್ದಾಣದಲ್ಲೋ ಬೆಂಗಳೂರಿನಲ್ಲೋ. ಅಲ್ಲಿಗೆ ತಲುಪುವುದು ರೈಲಿನಲ್ಲಿ, ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಅಥವಾ ಬಾಡಿಗೆ ಕಾರಿನಲ್ಲಿ. ನಮ್ಮ ಪಾಲಿಸಿಯಲ್ಲಿ ‘ಸಂಪರ್ಕ ತಪ್ಪುವುದು’ ಎಂದರೆ ಒಂದು ವಿಮಾನ ತಡವಾಗಿ ಇಳಿದದ್ದರಿಂದ ಅದರ ಮುಂದಿನ ವಿಮಾನ ತಪ್ಪುವುದು ಎಂದಷ್ಟೇ ವ್ಯಾಖ್ಯೆಯಿದೆ. ವಾಡಿಯ ಬಳಿ ರೈಲು ಗಂಟೆಗಟ್ಟಲೆ ನಿಂತು ಬೆಂಗಳೂರಿನ ವಿಮಾನ ತಪ್ಪಿದರೆ, ಮಳೆಗಾಲದಲ್ಲಿ ಜಹೀರಾಬಾದಿನ ಹತ್ತಿರ ಲಾರಿ ಅಡ್ಡಬಿದ್ದು ಕಾರು ನಿಂತರೆ ಪಾಲಿಸಿಯಿಂದ ಚಿಕ್ಕಾಸೂ ಬರುವುದಿಲ್ಲ. ಇದನ್ನು ಏಜೆನ್ಸಿಯವರು ಹೇಳಲಿಲ್ಲ, ಹೇಳಬೇಕಾಗಿತ್ತು. ಅವರ ಗ್ರಾಹಕರೆಲ್ಲ ಇದೇ ದಾರಿಯಲ್ಲಿ ಹೋಗುವವರು. ಹಾಗೆಯೇ ಬೇರೆ ಬೇರೆ ಕಂಪನಿಗಳ ಎರಡು ಟಿಕೆಟ್‌ಗಳನ್ನು ಬಿಡಿಬಿಡಿಯಾಗಿ ಕೊಂಡಿದ್ದರೆ ಆ ಜೋಡಣೆಗೆ ರಕ್ಷಣೆ ಇದೆಯೇ ಎಂಬುದನ್ನೂ ಕೇಳಿ ಬರೆಸಿಕೊಳ್ಳಬೇಕು.

ಪ್ರವಾಸ ರದ್ದತಿಯ ಭಾಗದಲ್ಲಿ ಹಣ ಸಿಗುವುದು ಪಟ್ಟಿ ಮಾಡಿದ ಕಾರಣಗಳಿಗಷ್ಟೇ: ಸ್ವಂತದ ಅಥವಾ ಹತ್ತಿರದ ಬಂಧುಗಳ ಗಂಭೀರ ಕಾಯಿಲೆ, ಸಾವು, ಅಂಥವು. ಮನಸ್ಸು ಬದಲಾದದ್ದು, ರಜೆ ಸಿಗದ್ದು ಇದಕ್ಕೆ ಸೇರುವುದಿಲ್ಲ. ವೀಸಾ ಸಿಗದಿದ್ದರೆ ಹೋಟೆಲು, ಟಿಕೆಟ್ಟಿನ ನಷ್ಟಕ್ಕೂ ನಮ್ಮ ಪಾಲಿಸಿ ಹೊಣೆಯಲ್ಲ. ಹೊರಡುವ ಮುನ್ನ ತಿಳಿಸಿದರೆ ಸ್ವಲ್ಪ ಶುಲ್ಕ ಹಿಡಿದುಕೊಂಡು ಪ್ರೀಮಿಯಂ ಮರಳಿಸುತ್ತಾರೆ. ಮದ್ಯ ಸೇವಿಸಿದಾಗ ಆದ ಅಪಘಾತ, ಸಾಹಸ ಕ್ರೀಡೆ, ಗರ್ಭಧಾರಣೆಗೆ ಸಂಬಂಧಿಸಿದ ವೆಚ್ಚ, ಯುದ್ಧ, ವೈದ್ಯರು ಪ್ರಯಾಣ ಬೇಡವೆಂದರೂ ಹೊರಟದ್ದು ಇವೆಲ್ಲ ಹೊರಗೆ. ಚಿಕಿತ್ಸೆಗಾಗಿಯೇ ವಿದೇಶಕ್ಕೆ ಹೋಗುವವರಿಗೂ ಇದು ಒದಗುವುದಿಲ್ಲ.

ಇನ್ನು ಕ್ಲೇಮ್‌ಗಳ ಅನುಭವ. ಎರಡು ಬಂದವು, ಎರಡೂ ಸಣ್ಣವು, ಆದ್ದರಿಂದ ದೊಡ್ಡ ಆಸ್ಪತ್ರೆಯ ಬಿಲ್ಲಿನ ವಿಷಯದಲ್ಲಿ ಈ ಕಂಪನಿ ಹೇಗೆ ನಡೆದುಕೊಳ್ಳುತ್ತದೆಂದು ಇದರಿಂದ ತೀರ್ಮಾನಿಸಬಾರದು.

ಮೊದಲನೆಯದು ಸಾಮಾನು. ಕೊಲ್ಲಿಯ ನಿಲ್ದಾಣವೊಂದರಲ್ಲಿ ವಿಮಾನ ಬದಲಿಸಿ ಫ್ರಾಂಕ್‌ಫರ್ಟಿನಲ್ಲಿ ಇಳಿದಾಗ ಪತ್ನಿಯ ಸೂಟ್‌ಕೇಸ್ ಬರಲಿಲ್ಲ. ನಿಲ್ದಾಣದಿಂದ ಹೊರಬೀಳುವ ಮುನ್ನವೇ ವಿಮಾನ ಕಂಪನಿಯ ಕೌಂಟರಿನಲ್ಲಿ ದೂರು ಬರೆಸಿ, ಪಿಐಆರ್ ಎಂದು ಕರೆಯುವ ವರದಿಯ ಪ್ರತಿ ಪಡೆದೆವು. ಅದಿಲ್ಲದೆ ವಿಮಾ ಕಂಪನಿ ಮಾತನ್ನೇ ಕೇಳುವುದಿಲ್ಲ. ಪಾಲಿಸಿಯ ಪ್ರಕಾರ ಸಾಮಾನು 12 ಗಂಟೆಗಿಂತ ಹೆಚ್ಚು ತಡವಾದರೆ ಅಗತ್ಯ ವಸ್ತುಗಳ ಖರೀದಿಗೆ ಹಣ ಕೊಡುತ್ತಾರೆ, ರಸೀದಿಗಳಿರಬೇಕು. ಸೂಟ್‌ಕೇಸ್ ಮರುದಿನ ಸಂಜೆ ಬಂತು. ಅಷ್ಟರಲ್ಲಿ ಕೊಂಡ ಸ್ವೆಟರ್, ಒಳಉಡುಪು, ಟೂತ್‌ಬ್ರಷ್ ಇತ್ಯಾದಿಗಳ ಹಣ ಮರಳಿತು; ಹಾದಿಯಲ್ಲಿ ಕೊಂಡ ಛತ್ರಿಯನ್ನು ಅಗತ್ಯವಲ್ಲವೆಂದು ತೆಗೆದುಹಾಕಿದರು. ಜರ್ಮನಿಯ ಶರತ್ಕಾಲವನ್ನು ಕಾಣದವರು ಬರೆದ ತೀರ್ಪು ಅದು, ಇರಲಿ. ಗಮನಿಸಬೇಕಾದ ಮಾತೆಂದರೆ ಹಿಂದಿರುಗುವಾಗ ಹೈದರಾಬಾದಿನಲ್ಲಿ ಸಾಮಾನು ತಡವಾದರೆ ಈ ರಕ್ಷಣೆ ಇಲ್ಲ, ಏಕೆಂದರೆ ಭಾರತದೊಳಗಿನ ವಿಳಂಬ ಷರತ್ತಿನಲ್ಲಿಯೇ ಹೊರಗಿದೆ. ಪೂರ್ತಿ ಕಳೆದುಹೋದರೆ ವಿಮಾ ಕಂಪನಿಗಿಂತ ಮೊದಲು ಕೇಳಬೇಕಾದದ್ದು ವಿಮಾನ ಕಂಪನಿಯನ್ನು. ವಿಮಾನ ಕಂಪನಿಗಳ ಹೊಣೆಯನ್ನು ನಿಗದಿಪಡಿಸುವ ಅಂತರರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿದೆ. ಅದರಂತೆ ಒಬ್ಬ ಪ್ರಯಾಣಿಕನ ಸಾಮಾನಿಗೆ ವಿಮಾನ ಕಂಪನಿಯ ಹೊಣೆಯ ಮಿತಿ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ), ಅಂದರೆ ಒಂದೂಮುಕ್ಕಾಲು ಲಕ್ಷ ರೂಪಾಯಿಯ ಆಚೆ. ಹಾನಿಯಾದ ಸಾಮಾನಿಗೆ ಕೈಗೆ ಬಂದ 7 ದಿನದೊಳಗೆ, ತಡವಾದದ್ದಕ್ಕೆ 21 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ವಿಮೆ ಕೊಡುವ ಸಾಮಾನಿನ ಮೊತ್ತ ಇದಕ್ಕೆ ಹೋಲಿಸಿದರೆ ಸಾಧಾರಣ, ಜೊತೆಗೆ ಚಿನ್ನಾಭರಣ, ನಗದು, ಲ್ಯಾಪ್‌ಟಾಪುಗಳಿಗೆ ಅದು ಅನ್ವಯಿಸುವುದೂ ಇಲ್ಲ. ಮಾತ್ರೆಗಳನ್ನು ಮಾತ್ರ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು, ವೈದ್ಯರ ಚೀಟಿಯ ಜೊತೆ.

ಎರಡನೆಯದು ಹಲ್ಲು. ಒಂದು ಭಾನುವಾರ ಪತ್ನಿಯ ದವಡೆ ಊದಿಕೊಂಡು ನೋವು ತಡೆಯದಾಯಿತು. ಜರ್ಮನಿಯಲ್ಲಿ ಜೀವಾಪಾಯಕ್ಕೆ 112 ಸಂಖ್ಯೆಯಿದ್ದರೆ, ಅಂಥ ಅಪಾಯವಿಲ್ಲದ ವೈದ್ಯಕೀಯ ತುರ್ತಿಗೆ 116117 ಎಂಬ ಸಂಖ್ಯೆಯಿದೆ. ಹಲ್ಲಿಗೆ ಪಾಳಿಯಲ್ಲಿ ತೆರೆದಿರುವ ತುರ್ತು ದಂತವೈದ್ಯರಿದ್ದಾರೆ, ಅವರ ವಿಳಾಸವನ್ನು ಮಗಳು ಹುಡುಕಿದಳು. ಹೊರಡುವ ಮುನ್ನ ಪಾಲಿಸಿಯಲ್ಲಿದ್ದ ಸಹಾಯವಾಣಿಗೆ ಕರೆ ಮಾಡಿದೆ. ಇದು ಕಡ್ಡಾಯವೆಂದೇ ತಿಳಿಯುವುದು ಕ್ಷೇಮ: ಚಿಕಿತ್ಸೆಗೆ ಮೊದಲು, ಅಥವಾ ಪ್ರಾಣಾಪಾಯವಿದ್ದರೆ ಆದಷ್ಟು ಬೇಗ, ಕಂಪನಿಗೆ ತಿಳಿಸಿ ಉಲ್ಲೇಖ ಸಂಖ್ಯೆ ಪಡೆಯಬೇಕೆಂದು ಷರತ್ತು ಇರುತ್ತದೆ, ಮತ್ತು ನಗದುರಹಿತ ಸೌಲಭ್ಯ ಸಿಗುವುದು ಆಸ್ಪತ್ರೆಗೆ ದಾಖಲಾದಾಗ ಆ ಕರೆಯ ಮೂಲಕವೇ. ಆ ಕಡೆಯಿಂದ ಮಾತಾಡಿದ ಹೆಣ್ಣುಮಗಳು ಹಿಂದಿಯಲ್ಲಿ, ಸಾವಧಾನವಾಗಿ, ಹೊರರೋಗಿ ಚಿಕಿತ್ಸೆಯಾದ್ದರಿಂದ ಹಣವನ್ನು ನೀವೇ ಕಟ್ಟಿ ಆಮೇಲೆ ಪಡೆಯಿರಿ ಎಂದು ತಿಳಿಸಿ, ಉಲ್ಲೇಖ ಸಂಖ್ಯೆಯನ್ನೂ ಬೇಕಾದ ದಾಖಲೆಗಳ ಪಟ್ಟಿಯನ್ನೂ ಕೂಡಲೇ ಇಮೇಲ್ ಮಾಡಿದರು. ಈ ಸೇವೆಗೆ ನನ್ನಿಂದ ಪೂರ್ಣ ಅಂಕ.

ಜರ್ಮನಿಯ ದಂತವೈದ್ಯರ ಬಿಲ್ಲು ನೋಡುವಂಥದ್ದು. ಅಲ್ಲಿ ದಂತ ಚಿಕಿತ್ಸೆಗೆ ಸರ್ಕಾರಿ ದರಸೂಚಿ ಇರುವುದರಿಂದ ಪ್ರತಿಯೊಂದು ಕ್ರಿಯೆಗೂ ಸಂಖ್ಯೆ, ದರ, ಗುಣಕ ಬೇರೆ ಬೇರೆ ಸಾಲಿನಲ್ಲಿ: ತಪಾಸಣೆ, ಎಕ್ಸ್‌ರೇ, ಅರಿವಳಿಕೆಯ ಚುಚ್ಚುಮದ್ದು, ಬೇರಿನ ನಾಳ ತೆರೆದದ್ದು, ತಾತ್ಕಾಲಿಕ ಮುಚ್ಚಳ. ವಿವರ ಇಷ್ಟು ಸ್ಪಷ್ಟವಾಗಿದ್ದುದು ಒಂದು ರೀತಿಯಲ್ಲಿ ನಮಗೇ ಮುಳುವಾಯಿತು. ನಮ್ಮ ಪಾಲಿಸಿಯಲ್ಲಿ ದಂತ ಚಿಕಿತ್ಸೆ ಎಂದರೆ ಸಹಜ ಹಲ್ಲಿನ ಹಠಾತ್ ನೋವನ್ನು ಶಮನಗೊಳಿಸುವ ಚಿಕಿತ್ಸೆ ಮಾತ್ರ. ಕಂಪನಿಯವರು ತಪಾಸಣೆ, ಎಕ್ಸ್‌ರೇ, ಚುಚ್ಚುಮದ್ದು, ನಾಳ ತೆರೆದದ್ದನ್ನು ಒಪ್ಪಿ, ಮುಚ್ಚಳವನ್ನು ನೋವು ಶಮನಕ್ಕೆ ಸಂಬಂಧಿಸಿದ್ದಲ್ಲವೆಂದು ಬಿಟ್ಟರು. ಒಪ್ಪಿದ ಮೊತ್ತದಿಂದ 100 ಡಾಲರ್ ಕಳೆದರು, ಏಕೆಂದರೆ ಪ್ರತಿ ವೈದ್ಯಕೀಯ ಕ್ಲೇಮಿನಲ್ಲೂ ಮೊದಲ 100 ಡಾಲರ್ ನಮ್ಮ ಪಾಲಿನದು ಎಂಬ ಡಿಡಕ್ಟಿಬಲ್ ಷರತ್ತು ಇದೆ. ಕೊನೆಗೆ ಬಂದದ್ದು ಕಟ್ಟಿದ ಹಣದ ಅರ್ಧಕ್ಕೂ ಕಡಿಮೆ. ಡಿಡಕ್ಟಿಬಲ್ ಎಂಬುದು ಷರತ್ತಿನಲ್ಲಿ ಇದ್ದದ್ದೇ, ಅದರ ಬಗ್ಗೆ ದೂರಿಲ್ಲ. ಮುಚ್ಚಳದ ತೀರ್ಪನ್ನು ನಾನು ಒಪ್ಪುವುದಿಲ್ಲ: ತೆರೆದ ಹಲ್ಲನ್ನು ಮುಚ್ಚದೆ ಕಳಿಸುವ ದಂತವೈದ್ಯರು ಕಲಬುರಗಿಯಲ್ಲೂ ಇಲ್ಲ, ಜರ್ಮನಿಯಲ್ಲೂ ಇಲ್ಲ. ಮೊತ್ತ ಚಿಕ್ಕದಾದರೂ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದಿದ್ದೇನೆ.

ದಾಖಲೆಗಳ ವಿಷಯದಲ್ಲಿ ಹೇಳುವುದಾದರೆ, ಮೂಲ ಬಿಲ್ಲು, ವೈದ್ಯರ ಟಿಪ್ಪಣಿ, ಹಣ ಕಟ್ಟಿದ ರಸೀದಿ, ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟಿನಲ್ಲಿ ಹೋಗಿಬಂದ ಮುದ್ರೆಗಳಿರುವ ಪುಟ, ರದ್ದುಪಡಿಸಿದ ಚೆಕ್ ಇವಿಷ್ಟು ಬೇಕಾದವು. ಜರ್ಮನ್ ಭಾಷೆಯ ಬಿಲ್ಲಿಗೆ ಇಂಗ್ಲಿಷ್ ಅನುವಾದ ಕೇಳಿದರು. ಮಗಳು ಮಾಡಿ ಸಹಿ ಹಾಕಿಕೊಟ್ಟದ್ದನ್ನು ಒಪ್ಪಿದರು. ಮೊಬೈಲಿನಲ್ಲಿ ಬೋರ್ಡಿಂಗ್ ಪಾಸ್ ಪಡೆದವರು ಅದರ ಚಿತ್ರವನ್ನು ತೆಗೆದಿಟ್ಟುಕೊಳ್ಳಬೇಕು, ಪ್ರಯಾಣ ಮುಗಿದ ಮೇಲೆ ಅದು ಆ್ಯಪಿನಿಂದ ಮಾಯವಾಗುತ್ತದೆ. ಹಣ ರೂಪಾಯಿಯಲ್ಲಿ ನೇರ ಬ್ಯಾಂಕ್ ಖಾತೆಗೆ ಬಂತು.

ಕಂಪನಿಯಿಂದ ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಅವರಲ್ಲಿ ದೂರು ಸಲ್ಲಿಸಬಹುದು, ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ, ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣವೂ 155255 ಎಂಬ ದೂರವಾಣಿಯೂ ಇವೆ. ಅಷ್ಟು ದೂರ ಹೋಗಲಾರದವರಿಗೆ ನಮ್ಮ ಜಿಲ್ಲಾ ಗ್ರಾಹಕ ಆಯೋಗವಿದೆ: 2019ರ ಕಾನೂನಿನಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ಪ್ರವಾಸ ವಿಮೆಯ ಪ್ರೀಮಿಯಂ ಅಷ್ಟು ಯಾರದೂ ಆಗುವುದಿಲ್ಲ.

ಒಟ್ಟಿನಲ್ಲಿ ಏಜೆನ್ಸಿಗೆ ವೀಸಾ ಕೆಲಸದಲ್ಲಿ ಐದಕ್ಕೆ ನಾಲ್ಕೂವರೆ, ವಿಮೆ ತಿಳಿಸಿಕೊಡುವುದರಲ್ಲಿ ಎರಡು, ಪಾಲಿಸಿಗೆ ಮೂರೂವರೆ. ವಿಮೆಯನ್ನು ಅಲ್ಲಿಯೇ ಮಾಡಿಸಬೇಕೆಂಬ ಕಡ್ಡಾಯವೇನೂ ಇಲ್ಲ, ಕಂಪನಿಗಳ ಜಾಲತಾಣದಲ್ಲಿ ಅದೇ ಪಾಲಿಸಿ ನೇರವಾಗಿ ಸಿಗುತ್ತದೆ. ಆದರೆ ಹೆಚ್ಚಿನ ಕಂಪನಿಗಳು ಭಾರತದಲ್ಲಿರುವಾಗ, ಹೊರಡುವ ಮುನ್ನ ಮಾತ್ರ ಅದನ್ನು ಕೊಡುತ್ತವೆ. ಅಂಗಡಿಗೇ ಹೋಗುವವರು ಬೆಳಿಗ್ಗೆ ಹೋಗಿ, ಆಗ ಮಾಲೀಕರೇ ಕುಳಿತಿರುತ್ತಾರೆ, ಜನವೂ ಕಡಿಮೆ. ಮಾತ್ರೆಗಳ ಹೆಸರು, ಎಂದಿನಿಂದ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಕಾಯಿಲೆಗಳ ಪರದೆ ಬಂದಾಗ ಮಾನಿಟರನ್ನು ನಿಮ್ಮ ಕಡೆ ತಿರುಗಿಸಲು ಹೇಳಿ. ಮಧ್ಯಾಹ್ನದ ಮೇಲೆ ಉಮ್ರಾ ತಂಡಗಳ ಗದ್ದಲವಿರುತ್ತದೆ, ಕೂರಲು ಕುರ್ಚಿಯೂ ಸಿಗುವುದಿಲ್ಲ.